ಐರಿಸ್ ಮುಚ್ಚಿದಾಗ ಕಂಡ ಹಾರ್ಮೋನಿಕ್‌ಗಳು

ಆರು ವಾರ ಪರದೆ ಕಪ್ಪಾಗಿಯೇ ಇತ್ತು. ಲೇಸರ್ ಚೆನ್ನಾಗಿ ಓಡುತ್ತಿತ್ತು, ನಿರ್ವಾತ ಸರಿಯಾಗಿತ್ತು, ಕಿರಣ ಫೋಕಸ್ ಆಗುವ ಜಾಗದಲ್ಲಿ ಆರ್ಗಾನ್ ಅನಿಲ ನೀಲಿ-ನೇರಳೆಯಾಗಿ ಹೊಳೆಯುತ್ತಿತ್ತು. ಆದರೆ ಡಿಟೆಕ್ಟರ್‌ನಲ್ಲಿ ಹಾರ್ಮೋನಿಕ್‌ನ ಸುಳಿವೇ ಇಲ್ಲ. ಹಾರ್ಮೋನಿಕ್ ಎಂದರೆ ಲೇಸರ್‌ನ ಆವರ್ತನದ ಪೂರ್ಣ ಸಂಖ್ಯೆಯ ಪಟ್ಟು ಆವರ್ತನವಿರುವ ಬೆಳಕು. ಆಗ ನನಗೆ ಹೊಳೆಯುತ್ತಿದ್ದದ್ದು ಒಂದೇ ಉಪಾಯ: ಇನ್ನಷ್ಟು ಶಕ್ತಿ ಕೊಡುವುದು. ಅದು ತಪ್ಪು ದಾರಿ ಎಂದು ನನಗೆ ತಿಳಿದದ್ದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಯೋಗ ಕಟ್ಟಲು ಹೊರಟವರಿಗೆ ಕೆಲವು ವಾರಗಳಾದರೂ ಉಳಿಯಲಿ.

ನಮ್ಮದು ಟೈಟೇನಿಯಂ-ಸಫೈರ್ ಲೇಸರ್. ತರಂಗಾಂತರ 800 ನ್ಯಾನೋಮೀಟರ್, ಒಂದು ಪಲ್ಸ್‌ನ ಅವಧಿ 35 ಫೆಮ್ಟೋಸೆಕೆಂಡ್ (ಸೆಕೆಂಡನ್ನು 10ರ 15ನೇ ಘಾತದಷ್ಟು ಭಾಗ ಮಾಡಿದರೆ ಒಂದು ಭಾಗವೇ ಒಂದು ಫೆಮ್ಟೋಸೆಕೆಂಡ್), ಶಕ್ತಿ 1 ಮಿಲಿಜೂಲ್, ಸೆಕೆಂಡಿಗೆ 1000 ಪಲ್ಸ್. 10 ಮಿಲಿಮೀಟರ್ ಅಗಲದ ಕಿರಣವನ್ನು ಐರಿಸ್ (ಹಿಗ್ಗಿಸಿ ಕುಗ್ಗಿಸಬಹುದಾದ ಕಿಂಡಿ) ಮೂಲಕ ಹಾಯಿಸಿ 50 ಸೆಂಟಿಮೀಟರ್ ಲೆನ್ಸ್‌ನಿಂದ ನಿರ್ವಾತದೊಳಗಿನ ಪುಟ್ಟ ಅನಿಲ ಕೊಳವೆಗೆ ಫೋಕಸ್ ಮಾಡುತ್ತಿದ್ದೆ. ಆ ಲೋಹದ ಕೊಳವೆಗೆ ತೂತು ಕೊರೆದದ್ದೂ ಅದೇ ಲೇಸರ್. ಹಾಗೆ ಮಾಡಿದರೆ ತೂತು ಕಿರಣದ ದಾರಿಯಲ್ಲೇ ಬೀಳುತ್ತದೆ, ಅನಿಲ ಸೋರುವುದೂ ಕಡಿಮೆ. ಅಲ್ಲಿಂದ ಮುಂದೆ ಲೇಸರ್ ಬೆಳಕನ್ನು ತಡೆದು ಹಾರ್ಮೋನಿಕ್‌ಗಳನ್ನು ಬಿಡುವ 200 ನ್ಯಾನೋಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ, ಆಮೇಲೆ ಹಾರ್ಮೋನಿಕ್‌ಗಳನ್ನು ಬೇರ್ಪಡಿಸುವ ಗ್ರೇಟಿಂಗ್, ಮಂದ ಬೆಳಕಿನ ಸಂಕೇತವನ್ನು ಹಿಗ್ಗಿಸುವ ಮೈಕ್ರೋಚಾನೆಲ್ ಪ್ಲೇಟ್, ಫಾಸ್ಫರ್ ಪರದೆ, ಕ್ಯಾಮೆರಾ. ನಮಗೆ ಬೇಕಾದ ಬೆಳಕನ್ನು ಗಾಳಿ ಹೀರಿಬಿಡುತ್ತದೆ. ಹಾಗಾಗಿ ಹಾರ್ಮೋನಿಕ್‌ಗಳು ಹುಟ್ಟುವಲ್ಲಿಂದ ಡಿಟೆಕ್ಟರ್‌ವರೆಗೂ ಎಲ್ಲವೂ ನಿರ್ವಾತದಲ್ಲೇ ಇರಬೇಕು.

ಒಳಗೆ ನಡೆಯುವುದು ಇಷ್ಟು. ಲೇಸರ್‌ನ ವಿದ್ಯುತ್ ಕ್ಷೇತ್ರ ತುತ್ತತುದಿಗೆ ಏರಿದಾಗ ಆರ್ಗಾನ್ ಪರಮಾಣುವಿನ ತಡೆಗೋಡೆ ಬಾಗಿ, ಒಂದು ಎಲೆಕ್ಟ್ರಾನ್ ಅದನ್ನು ಭೇದಿಸಿ ಹೊರಬರುತ್ತದೆ. ಕ್ಷೇತ್ರ ಅದನ್ನು ದೂರ ಒಯ್ಯುತ್ತದೆ, ದಿಕ್ಕು ಬದಲಾದಾಗ ಹಿಂದಕ್ಕೆ ಎಳೆದು ತರುತ್ತದೆ. ಹೋಗಿ ಬರುವ ಈ ಪಯಣ ಮುಗಿಯುವುದು ಮೂರು ಫೆಮ್ಟೋಸೆಕೆಂಡ್‌ಗೂ ಮೊದಲೇ. ಮರಳಿ ಬಂದ ಎಲೆಕ್ಟ್ರಾನ್ ತನ್ನ ಪರಮಾಣುವನ್ನೇ ಸೇರಿಕೊಂಡರೆ, ಗಳಿಸಿದ ಶಕ್ತಿಯೆಲ್ಲ ಒಂದೇ ಫೋಟಾನ್ ಆಗಿ ಹೊಮ್ಮುತ್ತದೆ. ಪ್ರತಿ ಅರ್ಧ ಆವರ್ತಕ್ಕೊಮ್ಮೆ ಇದು ಮರುಕಳಿಸುವುದರಿಂದ 11, 13, 15 ಹೀಗೆ ಬೆಸ ಹಾರ್ಮೋನಿಕ್‌ಗಳು ಮಾತ್ರ ಸಿಗುತ್ತವೆ.

1987ರಲ್ಲಿ ಶಿಕಾಗೋದ ತಂಡವೊಂದು ನಿಯಾನ್‌ನಲ್ಲಿ 17ನೇ ಹಾರ್ಮೋನಿಕ್‌ವರೆಗೆ ಕಂಡಿತು. ಮರುವರ್ಷ ಫ್ರಾನ್ಸಿನ ಸಾಕ್ಲೇಯಲ್ಲಿ, ಭೌತವಿಜ್ಞಾನಿ ಆನ್ ಲುಯಿಲಿಯೇ ಇದ್ದ ತಂಡ ಆರ್ಗಾನ್‌ನಲ್ಲಿ 33ನೆಯದನ್ನು ಮುಟ್ಟಿತು. ಮೇಲಕ್ಕೆ ಹೋದಂತೆ ಹಾರ್ಮೋನಿಕ್‌ಗಳು ಬೇಗ ಸತ್ತುಹೋಗಬೇಕಿತ್ತು. ಆದರೆ ಅವು ಬಹುದೂರ ಒಂದೇ ಎತ್ತರದಲ್ಲಿ ಸಾಗಿ, ಆಮೇಲೆ ಥಟ್ಟನೆ ನಿಂತವು. ಎಲ್ಲಿ ನಿಲ್ಲುತ್ತವೆ ಎಂಬುದಕ್ಕೆ 1993ರಲ್ಲಿ ಸರಳವಾದ ಲೆಕ್ಕ ಸಿಕ್ಕಿತು: ಪರಮಾಣುವಿನ ಅಯಾನೀಕರಣ ಶಕ್ತಿಗೆ (ಎಲೆಕ್ಟ್ರಾನ್ ಕಿತ್ತು ತೆಗೆಯಲು ಬೇಕಾದ ಶಕ್ತಿ), ಕ್ಷೇತ್ರದಲ್ಲಿ ತುಯ್ದಾಡುವ ಎಲೆಕ್ಟ್ರಾನಿನ ಸರಾಸರಿ ಚಲನ ಶಕ್ತಿಯ 3.17 ಪಟ್ಟು ಕೂಡಿಸಬೇಕು. ಆ ಸರಾಸರಿ ಶಕ್ತಿ ಲೇಸರ್‌ನ ತೀವ್ರತೆಯೊಂದಿಗೆ ಏರುತ್ತದೆ. ನಾನು ಮುಗ್ಗರಿಸಿದ್ದು ಇಲ್ಲೇ. ತೀವ್ರತೆ ಹೆಚ್ಚಾದಷ್ಟೂ ಒಳ್ಳೆಯದು ಎಂದು ಈ ಸೂತ್ರವನ್ನು ಓದಿಕೊಂಡೆ.

ಮೂರನೇ ವಾರ ಪರದೆಯ ಮೇಲೆ ಮಸುಕಾದ ಬೆಳಕೊಂದು ಕಾಣಿಸಿತು. ಆ ಸಂಜೆಯ ಸಂತೋಷ ಇಂದಿಗೂ ನೆನಪಿದೆ. ಮರುದಿನ ಎರಡು ಪರೀಕ್ಷೆ ಮಾಡಿದೆ. ಅನಿಲ ನಿಲ್ಲಿಸಿದೆ, ಬೆಳಕು ಹೋಗಲಿಲ್ಲ. ಕಾಲು-ತರಂಗ ಫಲಕ ಇಟ್ಟು ಧ್ರುವೀಕರಣವನ್ನು (ಬೆಳಕಿನ ವಿದ್ಯುತ್ ಕ್ಷೇತ್ರ ತುಯ್ಯುವ ದಿಕ್ಕು) ವೃತ್ತಾಕಾರಕ್ಕೆ ತಿರುಗಿಸಿದೆ, ಆಗಲೂ ಹೋಗಲಿಲ್ಲ. ವೃತ್ತಾಕಾರದ ಧ್ರುವೀಕರಣದಲ್ಲಿ ಎಲೆಕ್ಟ್ರಾನ್ ತನ್ನ ಪರಮಾಣುವಿನತ್ತ ಮರಳುವುದೇ ಇಲ್ಲ, ಆದ್ದರಿಂದ ನಿಜವಾದ ಹಾರ್ಮೋನಿಕ್ ಆಗಿದ್ದರೆ ಮಾಯವಾಗಲೇಬೇಕಿತ್ತು. ಕಂಡದ್ದು ಲೇಸರ್‌ನದೇ ಚದುರಿದ ಬೆಳಕು. ಚೇಂಬರ್‌ಗೆ ಗಾಳಿ ಬಿಡುವಾಗ ಅವಸರ ಮಾಡಿದ್ದೆ, ಅಲ್ಯೂಮಿನಿಯಂ ಹಾಳೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದಿತ್ತು. ಅಂದಿನಿಂದ ಗಾಳಿ ಬಿಡುವ ಕವಾಟವನ್ನು ಬಹಳ ನಿಧಾನವಾಗಿ ತೆರೆಯುತ್ತೇನೆ. ಪ್ರತಿ ಹಾಳೆಯನ್ನೂ ಅಳವಡಿಸುವ ಮೊದಲು ದೀಪಕ್ಕೆ ಹಿಡಿದು ನೋಡುತ್ತೇನೆ. ಈ ಎರಡು ಪರೀಕ್ಷೆ ಮಾಡದೆ ಯಾವ ಬೆಳಕನ್ನೂ ಹಾರ್ಮೋನಿಕ್ ಎಂದು ನಂಬಬೇಡಿ.

ಏಳನೇ ವಾರ ಪಕ್ಕದ ಪ್ರಯೋಗದ ಹಿರಿಯ ಸಂಶೋಧಕಿಯೊಬ್ಬರು ಬಂದು ನಿಂತರು.

“ಐರಿಸ್ ಎಷ್ಟು ತೆಗೆದಿಟ್ಟಿದ್ದೀಯಾ?”

“ಪೂರ್ತಿ, ಮೇಡಂ.”

“ಅರ್ಧಕ್ಕೆ ಮುಚ್ಚಿ ನೋಡು. ಕೊಳವೆಯನ್ನು ಫೋಕಸ್‌ನಿಂದ ಸ್ವಲ್ಪ ಆಚೆಗೆ ತಗೋ.”

ಇರುವ ಬೆಳಕನ್ನೂ ತಡೆಯುವುದೇ ಎಂದು ಮನಸ್ಸು ಒಪ್ಪಲಿಲ್ಲ. ಆದರೂ ಲೆನ್ಸ್‌ಗೆ ಮೊದಲಿದ್ದ ಐರಿಸ್ಸನ್ನು 6 ಮಿಲಿಮೀಟರ್‌ಗೆ ಇಳಿಸಿದೆ. ಕೊಳವೆಯನ್ನು ಫೋಕಸ್ ದಾಟಿ ಕೆಲವು ಮಿಲಿಮೀಟರ್ ಡಿಟೆಕ್ಟರ್ ಕಡೆಗೆ ಸರಿಸಿದೆ. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಎದ್ದವು. ಅನಿಲ ನಿಲ್ಲಿಸಿದೆ, ಹೋದವು. ಬಿಟ್ಟೆ, ಬಂದವು. ಫಲಕ ತಿರುಗಿಸಿದೆ, ಹೋದವು. ಹತ್ತಾರು ಸಲ ಹೀಗೆ ಮಾಡುತ್ತಲೇ ಇದ್ದೆ.

ಕಾರಣವನ್ನು ಆ ರಾತ್ರಿಯೇ ಲೆಕ್ಕ ಹಾಕಿದೆ. ಐರಿಸ್ ಪೂರ್ತಿ ತೆರೆದಾಗ ಫೋಕಸ್‌ನಲ್ಲಿ ತೀವ್ರತೆ ಚದರ ಸೆಂಟಿಮೀಟರ್‌ಗೆ 10ರ 15ನೇ ಘಾತದಷ್ಟು ವಾಟ್ ದಾಟುತ್ತಿತ್ತು. ಅಷ್ಟರಲ್ಲಿ ಪಲ್ಸ್‌ನ ಮುಂಭಾಗವೇ ಆರ್ಗಾನ್ ಪರಮಾಣುಗಳ ಎಲೆಕ್ಟ್ರಾನ್ ಕಿತ್ತು ಮುಗಿಸುತ್ತದೆ, ತುದಿ ಬರುವ ಹೊತ್ತಿಗೆ ಉಳಿದಿರುವುದು ಪ್ಲಾಸ್ಮಾ. ಇದಕ್ಕಿಂತಲೂ ದೊಡ್ಡ ತೊಂದರೆ ಇನ್ನೊಂದಿದೆ. ಹಾರ್ಮೋನಿಕ್ ಒಂದು ಪರಮಾಣುವಿನ ಕೆಲಸವಲ್ಲ. ಕೊಳವೆಯುದ್ದಕ್ಕೂ ಇರುವ ಅಸಂಖ್ಯ ಪರಮಾಣುಗಳು ಹೊಮ್ಮಿಸುವ ಅಲೆಗಳು ಏರುವಾಗ ಒಟ್ಟಿಗೆ ಏರಿ, ಇಳಿಯುವಾಗ ಒಟ್ಟಿಗೆ ಇಳಿಯಬೇಕು. ಇಲ್ಲದಿದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಇದನ್ನೇ ಫೇಸ್ ಮ್ಯಾಚಿಂಗ್ ಎನ್ನುವುದು. ಮುಕ್ತ ಎಲೆಕ್ಟ್ರಾನ್‌ಗಳು ಲೇಸರ್ ಅಲೆಯ ಫೇಸನ್ನು (ಏರಿಳಿತದ ಹಂತ) ಮುಂದಕ್ಕೆ ತಳ್ಳುತ್ತವೆ, ಫೋಕಸ್‌ನಲ್ಲಿ ಕಿರಣ ಕಿರಿದಾಗುವುದೂ ಹಾಗೆಯೇ. ಅಯಾನೀಕರಣವಾಗದ ಪರಮಾಣುಗಳು ಹಿಂದಕ್ಕೆ ಎಳೆಯುತ್ತವೆ. 800 ನ್ಯಾನೋಮೀಟರ್‌ನಲ್ಲಿ ಆರ್ಗಾನ್‌ನ ಸುಮಾರು ಶೇ. 5ಕ್ಕಿಂತ ಹೆಚ್ಚು ಪರಮಾಣುಗಳು ಅಯಾನೀಕರಣಗೊಂಡರೆ ಈ ಎಳೆದಾಟ ಸಮವಾಗುವುದೇ ಇಲ್ಲ. ಐರಿಸ್ ಮುಚ್ಚಿದಾಗ ಶಕ್ತಿ ಇಳಿಯಿತು, ಫೋಕಸ್‌ನ ಚುಕ್ಕಿಯೂ ಅಗಲವಾಯಿತು. ಎರಡೂ ನನಗೆ ಬೇಕಿದ್ದವೇ.

ಕಂಡ ಕೊನೆಯ ಗೆರೆ 27ನೆಯದು, ಅದರ ಒಂದು ಫೋಟಾನಿನ ಶಕ್ತಿ ಹತ್ತಿರ ಹತ್ತಿರ 42 ಎಲೆಕ್ಟ್ರಾನ್‌ವೋಲ್ಟ್. ಆರ್ಗಾನ್‌ನ ಅಯಾನೀಕರಣ ಶಕ್ತಿ 15.76 ಕಳೆದು 3.17ರಿಂದ ಭಾಗಿಸಿದರೆ ಎಲೆಕ್ಟ್ರಾನಿನ ಸರಾಸರಿ ಶಕ್ತಿ, ಅದರಿಂದ ನಿಜವಾದ ತೀವ್ರತೆ ಸಿಗುತ್ತದೆ: ಚದರ ಸೆಂಟಿಮೀಟರ್‌ಗೆ ಸುಮಾರು 1.4 ಗುಣಿಸು 10ರ 14ನೇ ಘಾತ ವಾಟ್. ಆರು ವಾರ ನಾನು ಅದರ ಹತ್ತು ಪಟ್ಟಿಗೂ ಹೆಚ್ಚು ಸುರಿಯುತ್ತಿದ್ದೆ.

ಗೆರೆಗಳ ಸಂಖ್ಯೆ ಸರಿಯೇ ಎಂಬ ಅನುಮಾನ ತೀರಿದ್ದು ಮುಂದೆ, ಆರ್ಗಾನ್ ಬದಲು ನಿಯಾನ್ ತುಂಬಿದಾಗ. ನಿಯಾನ್ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ತೀವ್ರತೆಯನ್ನು ಮೇಲಕ್ಕೇರಿಸಬಹುದು, ಸಾಲು ಉದ್ದವಾಗುತ್ತದೆ, ಬೆಳಕು ಮಾತ್ರ ಬಹಳ ಮಂದ. ಆ ಸಾಲು 45ನೇ ಹಾರ್ಮೋನಿಕ್ ಆದ ಮೇಲೆ ಕತ್ತರಿಸಿದಂತೆ ನಿಂತಿತು. ಅದು ಹಾರ್ಮೋನಿಕ್‌ಗಳ ಕೊನೆಯಲ್ಲ, ಹಾಳೆಯ ಗಡಿ. ಅಲ್ಯೂಮಿನಿಯಂ 72.7 ಎಲೆಕ್ಟ್ರಾನ್‌ವೋಲ್ಟ್‌ನಿಂದ ಮೇಲಕ್ಕೆ ಬೆಳಕನ್ನು ಹೀರತೊಡಗುತ್ತದೆ. ಪ್ರಕೃತಿಯೇ ಗುರುತು ಹಾಕಿಟ್ಟ ಆ ಗೆರೆಯಿಂದ ಹಿಂದಕ್ಕೆ ಎಣಿಸಿ ಎಲ್ಲ ಸಂಖ್ಯೆಗಳನ್ನೂ ಗಟ್ಟಿಮಾಡಿಕೊಂಡೆ.

ಒತ್ತಡದ ಅಳತೆ ನನಗೆ ಇವೆಲ್ಲಕ್ಕಿಂತ ಪ್ರಿಯ. ಕೊಳವೆಯಲ್ಲಿ ಆರ್ಗಾನ್‌ನ ಒತ್ತಡವನ್ನು 10 ಮಿಲಿಬಾರ್‌ನಿಂದ 20ಕ್ಕೆ ಏರಿಸಿದಾಗ ಬೆಳಕು ಎರಡು ಪಟ್ಟಾಗಲಿಲ್ಲ, ನಾಲ್ಕು ಪಟ್ಟಿನ ಹತ್ತಿರ ಬಂತು. ಪರಮಾಣುಗಳು ತಾಳ ತಪ್ಪದೆ ಹೊಮ್ಮಿಸುತ್ತಿವೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನಾನು ಕಂಡಿಲ್ಲ. 40 ದಾಟಿದ ಮೇಲೆ ಏರಿಕೆ ನಿಧಾನವಾಯಿತು. ಆರ್ಗಾನ್ ತಾನೇ ಹುಟ್ಟಿಸಿದ ಬೆಳಕನ್ನು ಹೀರತೊಡಗಿತ್ತು.

ಈಗ ಲೇಸರ್‌ನ ದಾರಿಯಲ್ಲಿ ತೆಳ್ಳನೆಯ ಬಿಬಿಒ (ಬೇರಿಯಂ ಬೋರೇಟ್) ಹರಳು ಸೇರಿಸಿದ್ದೇನೆ. ಅದು ಸ್ವಲ್ಪ ಬೆಳಕನ್ನು 400 ನ್ಯಾನೋಮೀಟರ್‌ಗೆ ಬದಲಿಸುತ್ತದೆ. ಎರಡೂ ಬಣ್ಣ ಕೂಡಿದಾಗ ಅರ್ಧ ಆವರ್ತಗಳು ಒಂದರಂತೆ ಇನ್ನೊಂದಿರುವುದಿಲ್ಲ, ಹಾಗಾಗಿ ಬೆಸ ಗೆರೆಗಳ ನಡುವೆ 14, 16, 18 ಎಂದು ಸಮ ಗೆರೆಗಳೂ ಏಳುತ್ತವೆ. ಗಾಜಿನ ತೆಳು ಫಲಕವೊಂದನ್ನು ತುಸುತುಸುವೇ ಓರೆ ಮಾಡಿದರೆ ಎರಡು ಬಣ್ಣಗಳ ನಡುವಿನ ಸಮಯದ ಅಂತರ ಬದಲಾಗಿ, ಆ ಸಮ ಗೆರೆಗಳು ಮಂಕಾಗಿ, ಮತ್ತೆ ಬೆಳಗುತ್ತವೆ. ಈ ವಾರ ಅಳೆಯುತ್ತಿರುವುದು ಆ ಏರಿಳಿತವನ್ನೇ.