ಹಳೇ ಕಂಪ್ಯೂಟರಿಗೆ ಟೇಪ್ ಅಂಟಿಸಿದ ಕಥೆ

ನಮ್ಮದು ಡಿಟಿಪಿ, ಝೆರಾಕ್ಸ್ ಅಂಗಡಿ. ಒಂದು ಮದುವೆ ಸೀಸನ್ನಿನಲ್ಲಿ ವಿಂಡೋಸ್ ಅಪ್‌ಡೇಟ್ ಆಗಿ ಪ್ರಿಂಟರ್ ಕೈಕೊಟ್ಟಿತು. ಮುನ್ನೂರು ಕರೆಯೋಲೆ ಬಾಕಿ, ಎದುರಿಗೆ ಹುಡುಗಿ ಅಪ್ಪ! ಅವತ್ತು ಅಪ್‌ಡೇಟ್ ಆಫ್ ಮಾಡಿದವನು ವರ್ಷಗಟ್ಟಲೆ ಆ ಕಡೆ ತಿರುಗಿಯೂ ನೋಡಲಿಲ್ಲ.

2023ರ ನವೆಂಬರಿನಲ್ಲಿ ಒಂದು ಮೇಲ್ ಬಂತು. ಕಾರ್ಡಿಗೆ ಫೋಟೊ ಅಂತ ರಾರ್ ಫೈಲ್, ಅಂದರೆ ಹಲವು ಫೈಲುಗಳನ್ನು ಒತ್ತಿ ಕಟ್ಟಿದ ಗಂಟು. ಗುರುತಿಲ್ಲದ ವಿಳಾಸ. ಗೊತ್ತಿಲ್ಲದ ಮೇಲ್ ತೆರೆಯಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನಮಗೆ ದಿನಾ ಬರುವುದೇ ಗೊತ್ತಿಲ್ಲದವರ ಮೇಲ್. ತೆರೆಯದಿದ್ದರೆ ಅಂಗಡಿ ಮುಚ್ಚಬೇಕು, ಅಲ್ವಾ? ಒಳಗಿದ್ದ ಫೋಟೊ ಮೇಲೆ ಎರಡು ಸಲ ಒತ್ತಿದೆ. ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಯಿತು. ಎರಡು ದಿನದಲ್ಲಿ ನನ್ನ ಹೆಸರಿನಲ್ಲಿ ಗಿರಾಕಿಗಳಿಗೆಲ್ಲ ಕಸದ ಮೇಲ್ ಹೋಗತೊಡಗಿತು.

ಪಕ್ಕದ ಬೀದಿಯ ಇಂಜಿನಿಯರಿಂಗ್ ಹುಡುಗ ಆ ಫೈಲನ್ನು ಬಿಚ್ಚದೆ, ಒಳಗೇನಿದೆ ಅಂತ ತೋರಿಸಿದ. ಫೋಟೊ ಹೆಸರಿನದೇ ಒಂದು ಫೋಲ್ಡರ್, ಅದರೊಳಗೆ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆದಿಟ್ಟ ಫೈಲ್. ರಾರ್ ಬಿಚ್ಚುವ ನನ್ನ ಹಳೇ ಸಾಫ್ಟ್‌ವೇರ್ ಫೋಟೊ ಬದಲು ಆ ಸ್ಕ್ರಿಪ್ಟನ್ನೇ ಓಡಿಸಿತ್ತು. ಇದನ್ನು ಸರಿಪಡಿಸಿದ ಆವೃತ್ತಿ ಆಗಸ್ಟ್‌ನಲ್ಲೇ ಬಂದಿತ್ತಂತೆ. ಆದರೆ ಅದು ತಾನಾಗಿ ಅಪ್‌ಡೇಟ್ ಆಗುವ ಪೈಕಿ ಅಲ್ಲ, ನಾವೇ ಹೋಗಿ ಇಳಿಸಿಕೊಳ್ಳಬೇಕು. ನಾನು ಇಳಿಸಿರಲಿಲ್ಲ, ಅಷ್ಟೇ.

ಮೊದಲು ಬೇರೆಯವರ ಕಂಪ್ಯೂಟರಿನಲ್ಲಿ ಕೂತು ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದೆ. ಆಮೇಲೆ ಕಂಟ್ರೋಲ್ ಪ್ಯಾನೆಲ್ ತೆರೆದು ನೋಡಿದರೆ ಅದೊಂದು ಅಟ್ಟ. 2020ರ ಕೊನೆಗೇ ಬೆಂಬಲ ನಿಂತ ಫ್ಲಾಶ್, ಯಾವ ಕಾಲದ್ದೋ ಜಾವಾ, ಪಿಡಿಎಫ್ ತೆರೆಯಲು ಮೂರು ಬಗೆ. ಬಳಸದ್ದನ್ನೆಲ್ಲ ಕಿತ್ತೆಸೆದೆ. ಇಲ್ಲದ ಸಾಫ್ಟ್‌ವೇರಿಗೆ ಅಪ್‌ಡೇಟೂ ಬೇಡ, ಕಳ್ಳರು ನುಗ್ಗುವ ತೂತೂ ಇರಲ್ಲ. ಕ್ರ್ಯಾಕ್ ಮಾಡಿದ ಆಫೀಸ್ ಕೂಡ ಹೋಯಿತು. ಅದನ್ನು ಹಾಕುವಾಗ ಆಂಟಿವೈರಸ್ ಆಫ್ ಮಾಡಿದ್ದು ನಾನೇ, ಯಾರನ್ನು ಬೈಯಲಿ? ಈಗ ಪುಕ್ಕಟೆ ಸಿಗುವ ಲಿಬ್ರೆಆಫೀಸ್. ಹಳೇ ನುಡಿ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸುವುದರಲ್ಲೇ ಒಂದು ವಾರ ಹೋಯಿತು. ಒತ್ತಕ್ಷರಗಳನ್ನು ಕೂತು ತಿದ್ದಿದ್ದು ಬೇರೆ.

ದೊಡ್ಡ ತಲೆನೋವು ವಿಂಡೋಸ್ 7. 2020ರ ಜನವರಿ 14ಕ್ಕೇ ಅದರ ಬೆಂಬಲ ಮುಗಿದಿತ್ತು, ಅಂದರೆ ಹೊಸ ತೂತು ಕಂಡರೂ ಮುಚ್ಚುವ ಅಪ್‌ಡೇಟ್ ಬರಲ್ಲ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ವಿಷಯ ಆ ಹುಡುಗನೇ ಹೇಳಿದ್ದು. 2017ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ತೂತು ಮುಚ್ಚುವ ತೇಪೆ ಕೊಟ್ಟಿತ್ತು, ಮೇ 12ಕ್ಕೆ ದಾಳಿ. ಸಿಕ್ಕಿಬಿದ್ದವುಗಳಲ್ಲಿ ಜಾಸ್ತಿ ವಿಂಡೋಸ್ 7 ಯಂತ್ರಗಳೇ. ಯಾರೂ ಏನೂ ಒತ್ತಬೇಕಿರಲಿಲ್ಲ, ಫೈಲ್ ಹಂಚುವ ಹಳೇ ಪದ್ಧತಿಯಾದ ಎಸ್‌ಎಂಬಿ 1ರ ಮೂಲಕ ಒಂದರಿಂದ ಇನ್ನೊಂದಕ್ಕೆ ತಾನಾಗಿ ದಾಟುತ್ತಿತ್ತು.

ಹಾಗಾಗಿ ಸೆಕೆಂಡ್‌ ಹ್ಯಾಂಡ್ ಯಂತ್ರವೊಂದನ್ನು ಕೊಂಡೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ಹೊಸದು. ಅದನ್ನು ಕೇಳಿಯೇ ದುಡ್ಡು ಕೊಟ್ಟೆ. ಅದರಲ್ಲಿ ಎಸ್‌ಎಂಬಿ 1 ಆಫ್ ಇದೆಯಾ ಅಂತ ನೋಡಿದೆ. ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಬೇರೆ ಖಾತೆ. ಬ್ಯಾಕಪ್ ಹಾರ್ಡ್‌ಡಿಸ್ಕ್ ಕೆಲಸ ಮುಗಿದ ಕೂಡಲೇ ಕಪಾಟಿಗೆ. ಅಂಗಡಿ ತೆರೆದಿರುವಾಗ ತಾನಾಗಿ ರೀಸ್ಟಾರ್ಟ್ ಆಗದಂತೆ ಆಕ್ಟಿವ್ ಅವರ್ಸ್ ಹೊಂದಿಸಿದೆ. ಭಾನುವಾರ ಅಪ್‌ಡೇಟ್ ಮಾಡಿ, ಒಂದು ಹಾಳೆ ಪ್ರಿಂಟ್ ತೆಗೆದು ನೋಡುತ್ತೇನೆ. ಕೆಟ್ಟರೂ ಸೋಮವಾರದೊಳಗೆ ಸರಿಮಾಡಬಹುದು. ಇಷ್ಟು ಸುಲಭದ ವ್ಯವಸ್ಥೆ ಮೊದಲೇ ಯಾಕೆ ಹೊಳೆಯಲಿಲ್ಲವೋ!

ಹಳೇ ಯಂತ್ರವನ್ನು ಗುಜರಿಗೆ ಹಾಕಲಾಗಲಿಲ್ಲ. ನನ್ನ ದೊಡ್ಡ ಸ್ಕ್ಯಾನರಿನ ಡ್ರೈವರ್ ವಿಂಡೋಸ್ 7ರಲ್ಲಿ ಮಾತ್ರ ಓಡುತ್ತದೆ. ಅದಕ್ಕೆ ನೆಟ್ ವೈರ್ ಕಿತ್ತು, ಆ ತೂತಿಗೆ ಟೇಪ್ ಅಂಟಿಸಿ ಮೂಲೆಗೆ ಇಟ್ಟಿದ್ದೇನೆ. ಅದಕ್ಕೆಂದೇ ಇಟ್ಟ ಒಂದು ಪೆನ್‌ಡ್ರೈವ್ ಬಿಟ್ಟರೆ ಗಿರಾಕಿಗಳ ಯಾವುದನ್ನೂ ಚುಚ್ಚುವುದಿಲ್ಲ. ಅರ್ಜಿ ಹಾಕಲು ಬಂದ ಹುಡುಗರು ಅದರ ಮುಂದೆ ಕೂತು, "ಅಣ್ಣಾ, ಇದ್ರಲ್ಲಿ ನೆಟ್ ಬರ್ತಿಲ್ಲ" ಅಂತಾರೆ.

"ಬರಬಾರದು ಅಂತಲೇ ಟೇಪ್ ಹಾಕಿರೋದು, ಈ ಕಡೆ ಬಾ" ಅಂತೀನಿ.