ಹಿತ್ತಲಲ್ಲಿರುವುದು ಯಾವ ಕಾಫಿ?

ಕೊಡಗಿನಲ್ಲಿ ಹೊಸದಾಗಿ ಮನೆ ಮಾಡಿದವರ ಹಿತ್ತಲಲ್ಲೂ ನಾಲ್ಕು ಕಾಫಿ ಗಿಡ ಇದ್ದೇ ಇರುತ್ತವೆ, ಅಲ್ವಾ? ಮೊದಲು ಎಲೆ ನೋಡಿ. ಚಿಕ್ಕದಾಗಿ, ಕಡು ಹಸಿರಾಗಿ ಹೊಳೆಯುತ್ತಿದ್ದರೆ ಅರೇಬಿಕಾ. ಅಗಲವಾಗಿ, ಅಲೆ ಅಲೆಯಾಗಿದ್ದರೆ ರೊಬಸ್ಟಾ. ಎರಡೂ ಹತ್ತಿರದ ನೆಂಟರೇ. ರೊಬಸ್ಟಾ ಮತ್ತು ಇನ್ನೊಂದು ಕಾಡು ಕಾಫಿ ಕೂಡಿಯೇ ಅರೇಬಿಕಾ ಹುಟ್ಟಿದ್ದು. ಆದರೆ ಆರೈಕೆ ಮಾತ್ರ ಬೇರೆ ಬೇರೆ.

ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಕುಶಾಲನಗರದ ಪೇಟೆಯೊಳಗೆ ನನ್ನ ಗೆಳತಿ ಒಂದೇ ಒಂದು ರೊಬಸ್ಟಾ ಗಿಡ ಬೆಳೆಸಿದ್ದಳು. ಮೈ ತುಂಬ ಹೂ, ಕಾಯಿ ಮಾತ್ರ ಬೆರಳೆಣಿಕೆ. ನೆಡುವುದಾದರೆ ಬೇರೆ ಬೇರೆ ತಾಯಿಗಿಡದ ಮೂರ್ನಾಲ್ಕು ಸಸಿ ನೆಡಿ. ಹೂ ಅರಳಿದ ಎರಡು ಮೂರು ದಿನ ಯಾವ ಔಷಧಿಯನ್ನೂ ಹೊಡೆಯಬೇಡಿ, ಜೇನು ಬರುವ ಹೊತ್ತು ಅದು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾಕ್ಕೆ ನೀರು ಕೊಡಲೇಬೇಕು. ಅದರ ಬೇರು ಮೇಲೆಮೇಲೆಯೇ ಹರಡುತ್ತದೆ. ಪೈಪು ಹಿಡಿದು ರೆಂಬೆಗಳ ಮೇಲೂ ಮಳೆಯ ಹಾಗೆ ಬೀಳಿಸಿ. ಏಳೆಂಟು ದಿನಕ್ಕೆ ಮೊಗ್ಗು ಬಿರಿಯುತ್ತದೆ. ಆಮೇಲೆ 15–20 ದಿನ ಬಿಟ್ಟು ಬ್ಯಾಕಿಂಗ್ ನೀರು, ಅಂದರೆ ಕಾಯಿ ನಿಲ್ಲಲು ಎರಡನೇ ಸಲದ ನೀರು ಕೊಡಿ.

ಅರೇಬಿಕಾಕ್ಕೆ ಕಾಂಡ ಕೊರೆಯುವ ಬೋರರ್ ಹುಳದ ಭಯ. ಬಿಸಿಲು ಬೀಳುವ ಕಾಂಡದ ತೊಗಟೆ ಸಂದಿಯಲ್ಲಿ ದುಂಬಿ ಮೊಟ್ಟೆ ಇಡುತ್ತದೆ. ಒಂದು ವರ್ಷ ಬೆಳಕು ಬರಲಿ ಅಂತ ನೆರಳಿಗಿದ್ದ ಹಾಲುವಾಣ ಮರದ ಕೊಂಬೆ ಜಾಸ್ತಿ ಕಡಿಸಿಬಿಟ್ಟೆ. ಎರಡೇ ವರ್ಷದಲ್ಲಿ ಅಪ್ಪ ನೆಟ್ಟ ಹನ್ನೊಂದು ಗಿಡ ಹೋದವು. ಆ ಜಾಗ ನೋಡಿದರೆ ಇವತ್ತಿಗೂ ಸಂಕಟವಾಗುತ್ತದೆ. ಈಗ ನೆರಳು ಉಳಿಸಿಕೊಂಡಿದ್ದೇನೆ. ಏಪ್ರಿಲ್‌ಗೆ ಮೊದಲು ಒಮ್ಮೆ, ಅಕ್ಟೋಬರ್‌ಗೆ ಮೊದಲು ಒಮ್ಮೆ ತೆಂಗಿನ ನಾರಿನಿಂದ ಕಾಂಡ ಉಜ್ಜಿ ಸಡಿಲ ತೊಗಟೆ ತೆಗೆಯುತ್ತೇನೆ. ಒಳಗಿನ ಹಸಿರಿಗೆ ಗಾಯ ಆಗಬಾರದು. ಎಲೆ ಹಳದಿಯಾಗಿ, ಕಾಂಡದಲ್ಲಿ ಉಬ್ಬು ಗೆರೆ ಎದ್ದರೆ ಗಿಡ ಕಿತ್ತು ಸುಟ್ಟುಬಿಡಿ. ಮರುಕಪಟ್ಟು ಉಳಿಸಿಕೊಂಡರೆ ಪಕ್ಕದ ಗಿಡವೂ ಹೋಗುತ್ತದೆ. ರೊಬಸ್ಟಾಕ್ಕೆ ಈ ಹುಳದ ಕಾಟವಿಲ್ಲ.

ಅರೇಬಿಕಾ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ, ನವೆಂಬರ್–ಡಿಸೆಂಬರ್‌ನಲ್ಲಿ, ಹಣ್ಣಾಗುತ್ತದೆ. ತಡ ಮಾಡಿದರೆ ಉದುರಿ ಮಣ್ಣುಪಾಲು. ರೊಬಸ್ಟಾ ಸಂಕ್ರಾಂತಿ ಕಳೆದರೂ ಕೊಂಬೆಯಲ್ಲೇ ಇರುತ್ತದೆ.

ಹುರಿಯುವಾಗ ಎರಡನ್ನೂ ಬೆರೆಸಬೇಡಿ. ಒಂದು ಹದಕ್ಕೆ ಬರುವಷ್ಟರಲ್ಲಿ ಇನ್ನೊಂದು ಸೀದುಹೋಗುತ್ತದೆ. ಪುಡಿ ಮಾಡುವಾಗ ನಾನು ಎರಡು ಪಾಲು ಅರೇಬಿಕಾಕ್ಕೆ ಒಂದು ಪಾಲು ರೊಬಸ್ಟಾ ಹಾಕುತ್ತೇನೆ. ಪರಿಮಳ ಅದರದ್ದು, ಗಟ್ಟಿತನ ಇದರದ್ದು. ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ಅದಕ್ಕೇ ಸಂಜೆ ಮೇಲೆ ಬಂದ ನೆಂಟರಿಗೆ ಬರೀ ಅರೇಬಿಕಾ ಡಿಕಾಕ್ಷನ್ ಇಳಿಸುತ್ತೇನೆ.