ಸೈಕಲ್ ಪಯಣದ ಕಾದಂಬರಿ ಬರೆಯಲು ಕೂತವರಿಗೆ

ಅಣ್ಣ ತೀರಿಕೊಂಡ ವರ್ಷ ನಾನು 41 ದಿನ ಸೈಕಲ್ ತುಳಿದೆ. ಅದನ್ನೇ ಕಾದಂಬರಿ ಮಾಡಲು ಹೊರಟು ಮೂರು ಕರಡು ಹರಿದು ಹಾಕಿದೆ. ಮೂರರಲ್ಲೂ ತಪ್ಪು ಒಂದೇ: ನಾಯಕಿ ಮೊದಲ ಪುಟದಿಂದಲೇ ತನ್ನ ದುಃಖವನ್ನು ನೆನೆಯುತ್ತಿದ್ದಳು. ನಿಜವಾಗಿ ತುಳಿಯುವವರಿಗೆ ಮೊದಲ ವಾರ ದುಃಖಕ್ಕೆ ಪುರಸೊತ್ತೇ ಸಿಗುವುದಿಲ್ಲ. ಕೂತ ಜಾಗ ಉರಿಯುತ್ತದೆ, ಕಿರುಬೆರಳು ಜೋಮು ಹಿಡಿಯುತ್ತದೆ.

ಹಾಗಾಗಿ ಮೈಯಿಂದ ಶುರು ಮಾಡಿ. ಮಂಡಿಯ ಮುಂದೆ ನೋವಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿರುತ್ತದೆ, ಹಿಂದೆ ನೋವಿದ್ದರೆ ಎತ್ತರವಾಗಿರುತ್ತದೆ. ಇದನ್ನು ಯಾರೂ ಹೇಳಿಕೊಡದೆ ಅವಳೇ ಕಂಡುಕೊಳ್ಳಲಿ. ದಿನಕ್ಕೆ 150 ಕಿ.ಮೀ. ಓಡಿಸಬೇಡಿ. ಸಾಮಾನು ಹೇರಿಕೊಂಡ ಹೊಸಬರಿಗೆ 50 ದಾಟಿದರೆ ದೊಡ್ಡದು, ಎದುರುಗಾಳಿ ಬೀಸಿದರೆ ಅದೂ ಇಲ್ಲ.

ಗಂಟಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ. 1884ರಲ್ಲಿ ಥಾಮಸ್ ಸ್ಟೀವನ್ಸ್ ಮುಂದಿನ ಚಕ್ರ ದೊಡ್ಡದಿರುವ ಸೈಕಲ್ಲೇರಿ ಲೋಕ ಸುತ್ತಲು ಹೊರಟಾಗ ಒಯ್ದದ್ದು ಕಾಲುಚೀಲ, ಇನ್ನೊಂದು ಅಂಗಿ, ಡೇರೆಯಾಗಿಯೂ ಬಳಸುವ ಮಳೆಕೋಟು, ಒಂದು ರಿವಾಲ್ವರ್. ಆ ಪಟ್ಟಿಯಲ್ಲೇ ಮನುಷ್ಯ ಕಾಣುತ್ತಾನೆ. ನಾನು ಅಣ್ಣನ ದಪ್ಪ ಸ್ಪ್ಯಾನರ್ ಹೊತ್ತಿದ್ದೆ. ನನ್ನ ಸೈಕಲ್ಲಿನ ಒಂದು ನಟ್ಟಿಗೂ ಅದು ಕೂರುತ್ತಿರಲಿಲ್ಲ.

ಪಂಕ್ಚರ್ ಪ್ರಸಂಗಕ್ಕೆ ಒಂದಿಡೀ ಅಧ್ಯಾಯ ಕೊಡಿ, ಅವಸರ ಬೇಡ. ಟ್ಯೂಬು ಹೊರತೆಗೆದು, ಗಾಳಿ ಹೊಡೆದು, ಕೆನ್ನೆಯ ಹತ್ತಿರ ಹಿಡಿದು ನಿಧಾನ ತಿರುಗಿಸಿದರೆ ತೂತಿನ ಗಾಳಿ ತಣ್ಣಗೆ ತಾಕುತ್ತದೆ. ಅಲ್ಲಿ ಉಜ್ಜಿ, ಸೊಲ್ಯೂಷನ್ ಎಂಬ ಅಂಟು ಸವರಿ, ಕಾಯಬೇಕು. ಹಸಿ ಇರುವಾಗಲೇ ಪ್ಯಾಚ್ ಒತ್ತಿದರೆ ಹಿಡಿಯುವುದಿಲ್ಲ. ಆ ಐದು ನಿಮಿಷ ಕೈಗೆ ಕೆಲಸವಿಲ್ಲ, ಎದ್ದು ಹೋಗುವಂತೆಯೂ ಇಲ್ಲ. 17ನೇ ದಿನ, ರಸ್ತೆ ಬದಿಯಲ್ಲಿ, ಟ್ಯೂಬು ತೊಡೆಯ ಮೇಲಿಟ್ಟುಕೊಂಡು ನಾನು ಮೊದಲ ಸಲ ಬಿಕ್ಕಿಬಿಕ್ಕಿ ಅತ್ತೆ. ನಿಮ್ಮ ಪಾತ್ರದ ಅಳುವಿಗೂ ಇಂಥದೇ ಜಾಗ ಹುಡುಕಿ. ಅತ್ತಾದ ಮೇಲೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿಸಲು ಮರೆಯಬೇಡಿ. ಅದು ಅಲ್ಲೇ ಉಳಿದರೆ ಪ್ಯಾಚ್ ಹಾಕಿದ ಟ್ಯೂಬು ಮತ್ತೆ ಪಂಕ್ಚರ್ ಆಗುತ್ತದೆ.

ದಾರಿಯಲ್ಲಿ ಸಿಗುವವರ ಬಾಯಲ್ಲಿ ಉಪದೇಶ ಬೇಡ. ನನಗೆ ಸಿಕ್ಕವರು ಕೇಳಿದ್ದು ಎರಡೇ: ಎಲ್ಲಿಂದ, ಎಲ್ಲಿಗೆ.

ತಲುಪಿದ ಊರಿಗೇ ಕಥೆ ನಿಲ್ಲಿಸಬೇಡಿ. ನನ್ನ ನಾಲ್ಕನೇ ಕರಡು ಮಾರನೆಯ ಬೆಳಗಿಗೆ ಮುಗಿಯುತ್ತದೆ. ಅವಳು ಅಭ್ಯಾಸದಂತೆ ನಸುಕಿಗೇ ಏಳುತ್ತಾಳೆ, ಇವತ್ತು ಎಲ್ಲಿಗೂ ಹೋಗಬೇಕಿಲ್ಲ ಎಂಬುದು ನೆನಪಾಗುತ್ತದೆ. ಆದರೂ ಹೊರಗೆ ಬಂದು, ಚೈನು ಒರೆಸಿ, ಒಂದೊಂದೇ ಕೊಂಡಿಗೆ ಎಣ್ಣೆ ಬಿಡುತ್ತಾಳೆ.